ಅತ್ತೆ ಮತ್ತು ಸರ್ಕಾರ

ನನ್ನ ಅತ್ತೆಗೂ ನನಗೂ ಆಗುತ್ತಿರಲಿಲ್ಲ. ಅತ್ತೆಗೂ ಅವರ ಒಬ್ಬನೇ ಮಗನಿಗೂ ಆಗುತ್ತಿರಲಿಲ್ಲ. ಅತ್ತೆಗೂ ಸರ್ಕಾರಕ್ಕೂ ಅವರ ಸಣ್ಣ ವಯಸ್ಸಿನಿಂದಲೇ ಆಗುತ್ತಿರಲಿಲ್ಲ. ಈ ಜಗಳಗಳ ನಡುವೆಯೇ ನಾನು ಬಂಗಾರಪೇಟೆಯ ಗೂಡ್ಸ್ ಶೆಡ್ಡಿನ ಹಿಂದಿನ ಬೀದಿಯಲ್ಲಿ ಸಂಸಾರ ಹೂಡಿದ್ದು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎಂದು ನನ್ನ ಮಗಳು ಹೇಳುತ್ತಾಳೆ. ಬರೀ ಒಳ್ಳೆಯದನ್ನು ಬರೆದರೆ ಓದಿದವರಿಗೆ ಬೇರೆ ಯಾರೋ ಮುದುಕಿ ಕಾಣುತ್ತಾರೆ, ನನ್ನ ಅತ್ತೆ ಕಾಣುವುದಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದಾಗ ನನಗೆ ಮದುವೆಯಾಯಿತು. ನನ್ನ ತವರು ಕಾಮಸಮುದ್ರದ ಕಡೆಯ ಹಳ್ಳಿ. ಅಪ್ಪನಿಗೆ ರಾಗಿ ಹೊಲ, ಕೊಟ್ಟಿಗೆಯಲ್ಲಿ ಎಮ್ಮೆಗಳು. ನಾನು ಮಿಡ್ಲ್‌ಸ್ಕೂಲು ಓದಿದ್ದೆ. ಮಾವನವರನ್ನು ನಾನು ನೋಡಿಲ್ಲ. ಅವರು ಕೆ.ಜಿ.ಎಫ್.ನ ಉರಿಗಾಂನಲ್ಲಿ ಚಿನ್ನದ ಗಣಿಯೊಳಗೆ ಇಳಿದು ಕೆಲಸ ಮಾಡಿದವರು, ಕಲ್ಲಿನ ಧೂಳು ಕುಡಿದು ಕುಡಿದು ಎದೆ ಕೆಟ್ಟು ತೀರಿಕೊಂಡಿದ್ದರು. ಗಂಡ ಹೋದ ಮೇಲೆ, ಗಣಿ ಕಂಪನಿ ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ್ದ ಲೈನಿನ ಮನೆ ಬಿಡಬೇಕಾಯಿತು. ಅತ್ತೆ ಕೈಗೆ ಬಂದ ಪರಿಹಾರದಲ್ಲಿ ಬಂಗಾರಪೇಟೆಯಲ್ಲಿ ಒಂದು ಹೆಂಚಿನ ಮನೆ ಕೊಂಡು, ಮಗನನ್ನು ಕರೆದುಕೊಂಡು ಬಂದುಬಿಟ್ಟರು. ಮನೆ ಅವರ ಹೆಸರಿನಲ್ಲೇ ಇತ್ತು.

ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ಅಕ್ಕಿ ವ್ಯಾಪಾರ. ಅಂಗಡಿ ಇರಲಿಲ್ಲ, ತಕ್ಕಡಿಯೂ ಇರಲಿಲ್ಲ, ಒಂದು ಸೇರಿನ ಪಾತ್ರೆ ಇತ್ತು. ಬೆಳಗಿನ ರೈಲಿಗೆ ಕುಪ್ಪಂಗೆ ಹೋಗಿ ಅಲ್ಲಿಯ ಕುಸುಬಲಕ್ಕಿ ಕೊಂಡು, ಮಧ್ಯಾಹ್ನ ಬಂಗಾರಪೇಟೆಗೆ ಬಂದು, ಕೆ.ಜಿ.ಎಫ್. ರೈಲು ಹತ್ತಿ ಉರಿಗಾಂನ ಲೈನುಗಳಲ್ಲಿ ಮನೆಮನೆಗೆ ಅಳೆದು ಬರುತ್ತಿದ್ದರು. ಲೈನಿನಲ್ಲಿದ್ದವರು ಹೆಚ್ಚಿನವರು ತಮಿಳರು. ಅವರಿಗೆ ಕುಸುಬಲಕ್ಕಿಯೇ ಆಗಬೇಕು. ಅತ್ತೆ ಕುಪ್ಪಂನಲ್ಲಿ ತೆಲುಗು, ಲೈನಿನಲ್ಲಿ ತಮಿಳು, ಮನೆಯಲ್ಲಿ ಕನ್ನಡ ಆಡುತ್ತಿದ್ದರು. ಬೈಯುವಾಗ ಮೂರೂ ಬರುತ್ತಿದ್ದವು.

ಸರ್ಕಾರ ಎಂದರೆ ಅವರಿಗೆ ಯಾಕೆ ಆಗದು ಎಂದು ನಾನು ಒಮ್ಮೆ ಕೇಳಿದ್ದೆ, ಬಂದ ಹೊಸದರಲ್ಲಿ. ಆಗಿನ್ನೂ ನಮ್ಮಿಬ್ಬರಿಗೆ ಮಾತಿತ್ತು. ಮೊರದಲ್ಲಿ ಅಕ್ಕಿ ಕೇರುತ್ತಾ ಹೇಳಿದರು.

"ಯುದ್ದದ ಕಾಲ್ದಾಗೆ ನಮ್ಮಪ್ಪನ ಅಗೇವು ತೆಗ್ಸುದ್ರು ಕಣಮ್ಮಿ. ಲೆವಿ ಅಂತ, ಬೆಳ್ದಿದ್ರಾಗೆ ಪಾಲು ಸರ್ಕಾರಕ್ಕೆ ಅಳೀಬೇಕಂತೆ. ಅಮಲ್ದಾರ, ಸಾನುಬೋಗ, ಇಬ್ರು ಪೋಲೀಸ್ನೋರು. ನೆಲದಾಗೆ ತುಂಬಿಕ್ಕಿದ್ ರಾಗಿ. ಅವ್ರೇನ್ ಉತ್ತಿದ್ರಾ, ಬಿತ್ತಿದ್ರಾ? ನಮ್ಮಪ್ಪ ಬಾಯ್ ಬಿಡ್ನಿಲ್ಲ. ನಿಂತ್ಕೊಂಡ್ ನೋಡ್ದ. ಅವತ್ತೇ ಅಂದ್ಕಂಡೆ, ಇವ್ರು ದಾರಿಕಳ್ರಿಗಿಂತ ಕಡೆ. ಕಳ್ಳ ಬಂದ್ರೆ ಓಡುಸ್ಬೋದು, ಇವ್ರನ್ನ ಓಡುಸಂಗಿಲ್ಲ."

ಆಮೇಲೆ ರೇಷನ್ನು ಬಂತು, ಹೋಯಿತು. ಐವತ್ತರ ದಶಕದ ನಡುವಿನಲ್ಲಿ ಕಟ್ಟುಪಾಡು ಸಡಿಲವಾದ ಮೇಲೆ ಅವರು ಕುಪ್ಪಂ ದಾರಿ ಹಿಡಿದದ್ದು. ಅವರ ಸಿದ್ಧಾಂತ ಒಂದೇ. ದಿನಕ್ಕೊಂದು ಸಲವಾದರೂ ಅದು ನಮ್ಮ ಕಿವಿಗೆ ಬೀಳುತ್ತಿತ್ತು: "ಮಾರೋಳ್ಗೆ ಮಾರ್ಬೇಕು, ಕೊಳ್ಳೋಳ್ಗೆ ಕೊಳ್ಬೇಕು. ಮದ್ಯದಾಗೆ ನಿಂತ್ಕಂಡು ಕೈಯೊಡ್ಡಕ್ಕೆ ಇವ್ನ್ಯಾವನು?" ಅವರು ರೇಷನ್ ಕಾರ್ಡು ಮಾಡಿಸಲಿಲ್ಲ. ಸ್ಕೂಲಿನಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಪುಡಿಹಾಲನ್ನು ಮಗನಿಗೆ ಕುಡಿಯಬೇಡ ಎಂದಿದ್ದರಂತೆ. ಇವತ್ತು ಕೊಟ್ಟವನು ನಾಳೆ ಕೇಳುತ್ತಾನೆ ಎಂದು.

ಹೊರಗಿನವರಿಗೆ ಅವರ ಮಾತು ದಿಟ್ಟತನವಾಗಿ ಕಂಡಿರಬಹುದು. ನಾನು ಒಳಗಿದ್ದೆ. ಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಬೀಗ, ಬೀಗದ ಕೈ ಅವರ ಸೊಂಟದಲ್ಲಿ. ಎಣ್ಣೆ ಶೀಸೆಗೆ ದಾರ ಕಟ್ಟಿ ಗುರುತಿಡುತ್ತಿದ್ದರು. ನಾನು ಯಾವ ಸೀರೆ ಉಡಬೇಕು, ಯಾರ ಮನೆ ಬಾಗಿಲಲ್ಲಿ ನಿಂತು ಮಾತಾಡಬಾರದು, ಎಲ್ಲದಕ್ಕೂ ಅವರ ಕಟ್ಟಳೆ. ಕುಪ್ಪಂನಿಂದ ಅಕ್ಕಿ ತರಲು ಯಾರ ಅಪ್ಪಣೆಯೂ ಬೇಡ ಎನ್ನುವವರು, ಎರಡು ಸ್ಟೇಷನ್ ಆಚೆಯ ನನ್ನ ತವರಿಗೆ ನಾನು ಹೋಗಬೇಕಾದರೆ ವಾರ ಮುಂಚೆ ಕೇಳಬೇಕು ಎನ್ನುತ್ತಿದ್ದರು. ಕೇಳಿದರೆ "ನೋಡಾನ" ಎನ್ನುತ್ತಿದ್ದರು. ತಾಲ್ಲೂಕು ಕಚೇರಿಯಲ್ಲೂ ಅದೇ ಉತ್ತರ ಸಿಗುತ್ತದೆ.

ನನ್ನ ಗಂಡ ಅಮ್ಮನ ಮೇಲಿನ ಹಟಕ್ಕೆ ಸರ್ಕಾರಿ ನೌಕರಿಗೆ ಸೇರಿದರು ಎಂದೇ ನನ್ನ ಅನುಮಾನ. ಎಸ್.ಎಸ್.ಎಲ್.ಸಿ. ಪಾಸಾಗಿದ್ದರು. ಆಹಾರ ಇಲಾಖೆಯ ಗೋದಾಮಿನಲ್ಲಿ ಗುಮಾಸ್ತರಾದರು. ಆರ್ಡರು ಕೈಗೆ ಬಂದ ದಿನ ಅತ್ತೆ ಮಗನ ಮುಖ ನೋಡದೆ ನನಗೆ ಹೇಳಿದರು, "ನಿನ್ ಗಂಡ ಮೂಟೆ ಕಾಯಕ್ಕೋಗ್ತಾನಂತೆ. ಬುತ್ತಿ ಕಟ್ಟು." ಗಂಡ ಮಾತ್ರ ಆ ಕೆಲಸವನ್ನು ನಂಬಿದ್ದರು. ಬಡವನಿಗೆ ನ್ಯಾಯಬೆಲೆಗೆ ಧಾನ್ಯ ಸಿಗಬೇಕು, ಸಾಹುಕಾರರು ಮೂಟೆ ಬಚ್ಚಿಡದ ಹಾಗೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಊಟಕ್ಕೆ ಕೂತಾಗಲೂ ಸರ್ಕ್ಯುಲರ್ ಓದಿದ ಹಾಗೆ ಮಾತಾಡುತ್ತಿದ್ದರು.

ಮಗಳು ಹುಟ್ಟಿದ ಕೆಲವು ವರ್ಷದ ಮೇಲೆ ಕಾಲ ಬಿಗಿಯಾಯಿತು. ಅಕ್ಕಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಪರ್ಮಿಟ್ಟಿಲ್ಲದೆ ಹೋಗಕೂಡದು ಎಂದು ಆಜ್ಞೆಯಾಯಿತು. ಕುಪ್ಪಂ ಆಂಧ್ರ, ಬಂಗಾರಪೇಟೆ ಮೈಸೂರು. ಅದೇ ರೈಲು, ಅದೇ ಹೆಂಗಸು, ಅದೇ ಅಕ್ಕಿ. ಹಿಂದಿನ ವಾರ ವ್ಯಾಪಾರವಾಗಿದ್ದದ್ದು ಈ ವಾರ ಕಳ್ಳಸಾಗಣೆಯಾಯಿತು. ಗಂಡನನ್ನು ಗೋದಾಮಿನಿಂದ ಎತ್ತಿ ರೈಲ್ವೆ ಸ್ಟೇಷನ್ನಿನ ತಪಾಸಣೆಗೆ ಹಾಕಿದರು.

"ಅಮ್ಮಾ, ಇನ್ನು ಕುಪ್ಪಂ ಬಿಟ್ಬಿಡು. ನನ್ ಕೆಲ್ಸಕ್ಕೆ ತೊಂದ್ರೆ ಆಯ್ತದೆ," ಎಂದರು ಗಂಡ.

"ನಿನ್ ಕೆಲ್ಸ ನೀನ್ ಮಾಡ್ಲಾ. ನನ್ ಕೆಲ್ಸ ನಾನ್ ಮಾಡ್ತೀನಿ. ನಾನೇನ್ ನಿನ್ ಕೆಲ್ಸ ಬಿಡು ಅಂದ್ನಾ?"

ಅಂದು ಶುರುವಾದದ್ದು ನಿಲ್ಲಲಿಲ್ಲ. ಅತ್ತೆಯ ಜೊತೆ ಕುಪ್ಪಂಗೆ ಹೋಗುತ್ತಿದ್ದ ಹೆಂಗಸರು ಅಕ್ಕಿಯನ್ನು ಉದ್ದನೆಯ ಬಟ್ಟೆಚೀಲದಲ್ಲಿ ತುಂಬಿ, ಸೀರೆಯ ಒಳಗೆ ಸೊಂಟಕ್ಕೆ ಸುತ್ತಿ ತರತೊಡಗಿದರು. ರೈಲು ಇಳಿದರೆ ಬಸುರಿಯರ ಮೆರವಣಿಗೆ ಬಂದ ಹಾಗೆ ಕಾಣುತ್ತಿತ್ತು. ಕೆಲವರು ಸಿಗ್ನಲ್ ಹತ್ತಿರ ರೈಲು ನಿಧಾನವಾದಾಗ ಚೀಲ ಎಸೆದು, ಆಮೇಲೆ ನಡೆದು ಹೋಗಿ ಎತ್ತಿಕೊಳ್ಳುತ್ತಿದ್ದರು. ಅತ್ತೆ ಎಸೆಯುತ್ತಿರಲಿಲ್ಲ. ತಿನ್ನುವ ಅಕ್ಕಿಯನ್ನು ಎಸೆಯುವುದು ಅವರಿಗೆ ಒಗ್ಗದು.

ಒಂದು ಮಧ್ಯಾಹ್ನ ನಾನು ಗಂಡನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರಂ ಮೇಲೆ ಟಾರ್ಪಾಲು ಹಾಸಿದ್ದರು. ಕೋಲಾರದಿಂದ ಹೊಸ ಅಧಿಕಾರಿ ಬಂದಿದ್ದ. ರೈಲು ಆಗಲೇ ಬಂದು ನಿಂತಿತ್ತು. ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೇ ಚೀಲ ಬಿಚ್ಚಿ ಟಾರ್ಪಾಲಿನ ಮೇಲೆ ಸುರಿಯಬೇಕು ಎಂದಿದ್ದರು. ಒಬ್ಬಳು ಅಳುತ್ತಿದ್ದಳು. ಇನ್ನೊಬ್ಬಳು ಅಧಿಕಾರಿಯ ಕಾಲಿಗೆ ಬೀಳಲು ಹೋಗಿ ಪೇದೆಯಿಂದ ತಳ್ಳಿಸಿಕೊಂಡಳು. ಸಾಲಿನ ಮಧ್ಯದಲ್ಲಿ ಅತ್ತೆ ನಿಂತಿದ್ದರು. ಗಂಡ ಹೆಸರು ಬರೆದುಕೊಳ್ಳುತ್ತಿದ್ದವರು ಅಮ್ಮನ ಮುಂದೆ ಬಂದಾಗ ನಿಂತುಬಿಟ್ಟರು.

ಪಕ್ಕದಲ್ಲಿದ್ದ ಪೇದೆ ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿ ಅತ್ತೆಯನ್ನೂ ನನ್ನ ಗಂಡನನ್ನೂ ನೋಡಿ, ದೊಡ್ಡ ಮನಸ್ಸಿನ ದನಿಯಲ್ಲಿ ಹೇಳಿದ, "ನೋಡಿಯಮ್ಮ, ನಿಮ್ಮ ಮಗನ ಮುಖ ನೋಡಿ ಬಿಡ್ತಿದ್ದೀನಿ. ಹೋಗಿ. ಇನ್ನೊಂದು ಸಲ ಬರಬೇಡಿ."

ಅತ್ತೆ ಕದಲಲಿಲ್ಲ. "ಇವ್ರುನ್ನೂ ಬಿಡ್ತೀರಾ ಸಾಮಿ?" ಎಂದು ಸಾಲನ್ನು ತೋರಿಸಿದರು.

"ಅದೆಂಗಾಗುತ್ತೆ? ಕಾನೂನು ಅಂತ ಇಲ್ವಾ?"

"ನನಗಿಲ್ದಿರೋ ಕಾನೂನು ಇವ್ರಿಗೆಂಗೆ ಬತ್ತದೆ? ಎಲ್ರುನ್ನೂ ಬಿಡಿ. ಇಲ್ಲಾ ನಂದೂ ಇಟ್ಕಳಿ."

ಅತ್ತೆ ಅಷ್ಟು ಜನರ ಎದುರಿಗೆ ಗೋಡೆಯ ಕಡೆ ತಿರುಗಿ ಸೊಂಟದ ಗಂಟು ಬಿಚ್ಚಿ, ಚೀಲ ತಂದು ರಾಶಿಯ ಮೇಲೆ ಸುರಿದರು. ಆಮೇಲೆ ಮಗನ ಕಡೆ ನೋಡಿ ಹೇಳಿದರು, "ಬರ್ಕೊಳ್ಲಾ. ಅಮ್ಮ ಅಂತ ಬರೀಬೇಡ. ಎಸ್ರು ಬರಿ."

ಗಂಡ ಬರೆದರು. ನಾನು ಕ್ಯಾರಿಯರ್ ಹಿಡಿದುಕೊಂಡೇ ವಾಪಸ್ ಬಂದೆ. ಅವತ್ತು ನನಗೆ ಅತ್ತೆಯ ಮೇಲೆ ಸಿಟ್ಟು ಬಂದಿತ್ತು, ಮಗನನ್ನು ಊರ ಮುಂದೆ ಹಾಗೆ ನಿಲ್ಲಿಸಿದ್ದಕ್ಕೆ. ಗಂಡನ ಮೇಲೂ ಬಂದಿತ್ತು, ಬರೆದದ್ದಕ್ಕೆ. ಎಲ್ಲರಿಗಿಂತ ಹೆಚ್ಚಾಗಿ ಆ ಅಧಿಕಾರಿಯ ಮೇಲೆ. ಕಾನೂನನ್ನು ತನ್ನ ಜೇಬಿನ ಕಡಲೆಕಾಯಿಯ ಹಾಗೆ ಬೇಕಾದವರಿಗೆ ಕೊಡಲು ಹೊರಟಿದ್ದನಲ್ಲ. ಜಪ್ತಿಯಾದ ಆ ಅಕ್ಕಿಯಲ್ಲಿ ಸ್ವಲ್ಪ ಯಾವ ಯಾವ ಮನೆ ಸೇರಿತು ಎಂದು ಸ್ಟೇಷನ್ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಗಂಡ ಮಾತ್ರ ನಂಬಲಿಲ್ಲ.

ಕೋರ್ಟಿನಲ್ಲಿ ಮಿಕ್ಕ ಹೆಂಗಸರು ದಂಡ ಕಟ್ಟಿ ಹೋದರು. ಅತ್ತೆ ಕಟ್ಟುವುದಿಲ್ಲ ಎಂದರು. ದುಡ್ಡಿಲ್ಲದವರಾಗಿರಲಿಲ್ಲ. ದಂಡ ಕಟ್ಟಿದರೆ ತಪ್ಪು ಮಾಡಿದೆ ಎಂದು ಒಪ್ಪಿದ ಹಾಗೆ ಎನ್ನುವುದು ಅವರ ವಾದ. ಮ್ಯಾಜಿಸ್ಟ್ರೇಟರು ವಯಸ್ಸು ನೋಡಿ, ಕೋರ್ಟು ಏಳುವ ತನಕ ಅಲ್ಲೇ ಕೂತಿರುವ ಶಿಕ್ಷೆ ಕೊಟ್ಟರು. ಅತ್ತೆ ಹಿಂದಿನ ಬೆಂಚಿನಲ್ಲಿ ಎಲೆಅಡಿಕೆ ಸಂಚಿ ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಬೇರೆಯವರ ಕೇಸುಗಳನ್ನು ಕೇಳಿದರು. ಮನೆಗೆ ಬಂದು, "ಅಲ್ ಕೂತಿರೋರಲ್ಲಿ ಅರ್ದ ಜನ ಯಾರ್ಗೂ ಏನೂ ಮಾಡಿಲ್ಲ ಕಣಮ್ಮಿ. ಸರ್ಕಾರನ ಕೇಳ್ದೆ ಮಾಡವ್ರೆ, ಅಷ್ಟೇ," ಎಂದರು. ಮರುವಾರ ಕುಪ್ಪಂ ರೈಲು ಹತ್ತಿದರು.

ಅಂದಿನಿಂದ ತಾಯಿ ಮಗ ಒಂದೇ ಮನೆಯಲ್ಲಿ ಬೇರೆ ಬೇರೆ ಅನ್ನ ಉಣ್ಣತೊಡಗಿದರು. ಮಗನ ಸಂಬಳದ್ದು ಅತ್ತೆ ಮುಟ್ಟುವುದಿಲ್ಲ. ಅತ್ತೆ ತಂದ ಅಕ್ಕಿ ಮಗ ಮುಟ್ಟುವುದಿಲ್ಲ. ಎರಡು ಪಾತ್ರೆ ಇಳಿಸುತ್ತಿದ್ದವಳು ನಾನು. ನಾನು ಯಾವ ಅನ್ನ ತಿನ್ನಬೇಕು ಎಂದು ಇಬ್ಬರೂ ಕೇಳಲಿಲ್ಲ.

ಆ ಸುಮಾರಿಗೆ ಅಪ್ಪ ನನಗೆ ಒಂದು ಎಮ್ಮೆ ಕೊಟ್ಟರು, ಮೊಮ್ಮಗಳಿಗೆ ಹಾಲಾಗಲಿ ಎಂದು. ಹಿತ್ತಿಲಲ್ಲಿ ಕಟ್ಟಿದೆ. ಹುಲ್ಲು ಕೊಯ್ದು ತರುವುದು, ಸಗಣಿ ಬಾಚುವುದು, ಕರೆಯುವುದು, ಎಲ್ಲ ನಾನೇ. ಮಗಳು ಕುಡಿದು ಮಿಕ್ಕದ್ದನ್ನು ಸ್ಟೇಷನ್ ಎದುರಿನ ಹೋಟೆಲಿಗೆ ಹಾಕತೊಡಗಿದೆ. ತಿಂಗಳಾದ ಮೇಲೆ ಹೋಟೆಲಿನವರು ದುಡ್ಡು ಕೊಟ್ಟರು. ನನ್ನ ಕೈಗೆ ನನ್ನದೇ ಆದ ದುಡ್ಡು ಬಂದದ್ದು ಅದೇ ಮೊದಲು. ಗಂಡನಿಗೆ ಹೇಳಿದೆ. ಅವರು, "ಇಟ್ಕೋ," ಎಂದರು.

ಅತ್ತೆ ಕೈ ಚಾಚಿದರು. "ತಾ. ಮನೆ ಖರ್ಚು ನೋಡೋಳು ನಾನು."

"ಇದು ಎಮ್ಮೆ ದುಡ್ಡು ಅತ್ತೆ. ನನ್ದು."

"ಎಮ್ಮೆ ಯಾರ ಇತ್ತಿಲಾಗೆ ನಿಂತದೆ? ನೀನ್ ಯಾರ ಮನೇಗಿದ್ದೀಯ? ಸೊಸೆ ದುಡಿದದ್ದು ಮನೇಗೆ."

ವರ್ಷಗಟ್ಟಲೆ ನಾನು ನುಂಗಿಕೊಂಡು ಬಂದಿದ್ದೆ. ಆ ಹೊತ್ತಿಗೆ ನನ್ನ ಬಾಯಿಗೆ ಬಂದದ್ದು ಅವರದೇ ಮಾತು. "ಹುಲ್ಲು ತಂದೋಳು ನಾನು, ಕರೆದೋಳು ನಾನು. ಮಾರೋಳ್ಗೂ ಬೇಕು, ಕೊಳ್ಳೋರ್ಗೂ ಬೇಕು. ಮಧ್ಯದಲ್ಲಿ ಕೈಯೊಡ್ಡೋಕೆ ನೀವ್ಯಾರು ಅತ್ತೆ? ನಿಮ್ಮಪ್ಪನ ಹಗೇವು ತೆಗೆಸಿದ ಅಮಲ್ದಾರರಾ?"

ಅವರ ಚಾಚಿದ ಕೈ ಹಾಗೇ ಇತ್ತು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಕೈ ಇಳಿಸಿ, ಗೋಡೆಗೆ ಒರಗಿ ಕೂತು, ಎಲೆಗೆ ಸುಣ್ಣ ಸವರಿದರು. ಆಮೇಲೆ ಜಗಳದ ದನಿಯಲ್ಲದೆ, ಲೆಕ್ಕ ಹೇಳುವವರ ದನಿಯಲ್ಲಿ ಹೇಳಿದರು.

"ದಿಟ. ದುಡ್ಡು ನಿಂದು. ಮನೆ ನಂದು. ನನ್ ಮನೇಗೆ ನನ್ ಮಾತು ನಡೀಬೇಕು. ಒಪ್ಪಿದ್ರೆ ಇರು. ಒಪ್ದಿದ್ರೆ ಎಮ್ಮೆ ಇಡ್ಕಂಡು ಓಗು. ನಿನ್ನ ಯಾರೂ ಕಟ್ಟಾಕಿಲ್ಲ."

ಗಂಡ ಸಂಜೆ ಬಂದಾಗ ಹೇಳಿದೆ. ಅವರು ಬೂಟು ಬಿಚ್ಚದೆಯೇ, ಬೇರೆ ಮನೆ ನೋಡೋಣ ಎಂದರು. ಮಾರನೆಯ ದಿನ ಕೋಲಾರ ರಸ್ತೆಯ ಕಡೆ ಒಂದು ಬಾಡಿಗೆ ಮನೆ ನೋಡಿದರು. ನಾವು ಪಾತ್ರೆ, ಹಾಸಿಗೆ, ಮಗು, ಎಮ್ಮೆ ಸಮೇತ ಹೊರಟೆವು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಇರಿ ಎನ್ನಲಿಲ್ಲ. ಮೊಮ್ಮಗಳ ಕೆನ್ನೆ ಸವರಿದರು, ಒಳಗೆ ಹೋದರು. ಮಾತಿಗಾದರೂ ಇರಿ ಎನ್ನಬಹುದಿತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ.

ಹೊಸ ಮನೆಯಲ್ಲಿ ನಾನು ಎರಡನೇ ಎಮ್ಮೆ ಕಟ್ಟಿದೆ. ಆಗ ಬಂದ ಪುರಸಭೆಯವನು. ಹಾಲು ಮಾರಲು ಲೈಸೆನ್ಸು ಬೇಕು, ಊರೊಳಗೆ ಎಮ್ಮೆ ಕಟ್ಟಲು ಇನ್ನೊಂದು ಚೀಟಿ ಬೇಕು, ಹಾಲಿಗೆ ನೀರು ಬೆರೆಸಿದ್ದೀಯೋ ಎಂದು ಸ್ಯಾಂಪಲ್ ಬೇಕು. ಸ್ಯಾಂಪಲ್ಲು ಚೊಂಬಿನ ತುಂಬ ಬೇಕಿತ್ತು, ದಿನಾ ಬೇಕಿತ್ತು, ಅವನ ಮನೆಗೇ ತಲುಪಬೇಕಿತ್ತು. ಗಂಡನಿಗೆ ಹೇಳಿದರೆ, ನಿಯಮ ಸರಿಯಾಗಿದೆ, ಆ ಮನುಷ್ಯ ಕೆಟ್ಟವನು, ಮೇಲಿನವರಿಗೆ ಅರ್ಜಿ ಕೊಡೋಣ ಎಂದರು. ಅರ್ಜಿ ಕೊಟ್ಟೆವು. ಅದು ಅವನ ಮೇಜಿಗೇ ಬಂತು. ಮರುದಿನದಿಂದ ಅವನು ಎರಡು ಚೊಂಬು ಕೇಳಿದ. ಅವನ ಮನೆಯ ಬಾಗಿಲಲ್ಲಿ ಹಾಲು ಸುರಿಯುವಾಗ ಅತ್ತೆಯ ಮಾತು ನನ್ನ ತಲೆಯಲ್ಲಿ ಓಡುತ್ತಿತ್ತು. ಅವರ ಮಾತು ಸರಿ ಎನ್ನಿಸುವುದೇ ನನಗೆ ಅವಮಾನವಾಗಿತ್ತು.

ಆದರೆ ಪೂರ್ತಿ ಸರಿ ಎಂದು ನಾನು ಒಪ್ಪಲಾರೆ. ಮಳೆ ಕೈಕೊಟ್ಟ ವರ್ಷಗಳು ಬಂದವು. ರೇಷನ್ನಿನಲ್ಲಿ ಕೆಂಪು ಜೋಳ ಕೊಡುತ್ತಿದ್ದರು, ಅಮೆರಿಕಾದ್ದು. ಅದರ ರೊಟ್ಟಿ ನುಂಗಿದರೆ ಗಂಟಲು ಕೆರೆಯುತ್ತಿತ್ತು, ಆದರೂ ಹೊಟ್ಟೆ ತುಂಬುತ್ತಿತ್ತು. ಅತ್ತೆಯ ಅಕ್ಕಿ ಲೈನಿನಲ್ಲಿ ಚಿನ್ನದ ಬೆಲೆಗೆ ಹೋಗುತ್ತಿತ್ತು. ಉರಿಗಾಂನಲ್ಲಿ ಅವರ ಹಳೆಯ ಗಿರಾಕಿಯೊಬ್ಬಳು, ಗಂಡ ಕೆಲಸ ಕಳೆದುಕೊಂಡವಳು, ನನ್ನ ಬಳಿ ಬಂದು ಗೋಳಾಡಿದಳು. ನಾನು ಮನಸ್ಸು ಗಟ್ಟಿ ಮಾಡಿ, ಬೆಲೆ ಇಳಿಸಿ ಕೊಡಿ ಎಂದು ಕೇಳಲು ಅವಳನ್ನೂ ಕರೆದುಕೊಂಡು ಅತ್ತೆಯ ಮನೆಗೆ ಹೋದೆ. ಗಂಡನೂ ಬಂದರು, ಬರಬೇಡಿ ಎಂದರೂ.

"ಬೆಲೆ ನಾನ್ ಮಾಡಿದ್ದಲ್ಲ," ಎಂದರು ಅತ್ತೆ. "ಕುಪ್ಪಂನಾಗೆ ಅಕ್ಕಿ ಅಗ್ಗ, ಕೊಳ್ಳೋರಿಲ್ಲ. ಇಲ್ಲಿ ದುಬಾರಿ, ಮಾರೋರಿಲ್ಲ. ಮದ್ಯ ಗೇಟಾಕ್ಕೊಂಡು ನಿಂತೋನು ಇವ್ನು. ಗೇಟ್ ತೆಗೀಲಿ, ಬೆಲೆ ತಾನೇ ಇಳೀತದೆ."

"ಗೇಟ್ ತೆಗೆದ್ರೆ ಇರೋ ಅಕ್ಕಿಯೆಲ್ಲ ದುಡ್ಡಿರೋರ ಮನೆ ಸೇರ್ತದೆ," ಎಂದರು ಗಂಡ. "ಇಲ್ದೋರಿಗೆ ಈ ಜೋಳನಾದ್ರೂ ಕೊಡ್ತಿರೋದು ಯಾರು? ನೀನಾ?"

"ನಾನ್ ಕೊಡಂಗಿದ್ರೆ ಕೊಡ್ತೀನಿ. ಕೊಡು ಅಂತ ನೀನ್ ಏಳಂಗಿಲ್ಲ."

"ಆ ಹೆಂಗಸಿನ ಮಕ್ಕಳು ಸತ್ರೆ?"

"ನಿನ್ ಗೇಟ್ನಾಗೆ ಸಾಯ್ತಾವೆ. ನನ್ ಸೇರ್ನಾಗಲ್ಲ."

ಇಬ್ಬರೂ ಎದುರುಬದುರು ನಿಂತು ಹೀಗೆ ಮಾತಾಡುತ್ತಿದ್ದಾಗ ನನಗೆ ಇಬ್ಬರ ಮೇಲೂ ಹೇಸಿಗೆಯಾಯಿತು. ಆ ಹೆಂಗಸು ಬೀದಿಯಲ್ಲಿ ಕಾಯುತ್ತಿದ್ದಳು. ನಾನು ಹೊರಗೆ ಬಂದು ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಿ, ಇದ್ದ ಜೋಳದಲ್ಲಿ ಸ್ವಲ್ಪ, ಹಾಲು ಸ್ವಲ್ಪ ಕೊಟ್ಟು ಕಳಿಸಿದೆ. ಆಮೇಲೆ ಅತ್ತೆಯೂ ಅವಳಿಗೆ ಒಂದಷ್ಟು ಅಕ್ಕಿ ಅಳೆದರೆಂದು ಕೇಳಿದೆ. ನಿಜವೋ ಸುಳ್ಳೋ, ಅತ್ತೆಯನ್ನು ಕೇಳಲು ಹೋಗಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮಳೆಬೆಳೆ ಸುಧಾರಿಸಿ, ಸ್ಟೇಷನ್ನಿನ ತಪಾಸಣೆ ನಿಂತಿತು. ಗಂಡ ಗೋದಾಮಿಗೆ ವಾಪಸಾದರು. ಕುಪ್ಪಂ ಅಕ್ಕಿಯನ್ನು ಮಂಡಿಯವರು ಮೂಟೆಗಟ್ಟಲೆ ತರಿಸತೊಡಗಿದರು. ಸೊಂಟಕ್ಕೆ ಕಟ್ಟಿ ತರುವವರನ್ನು ಯಾರು ಕೇಳುತ್ತಾರೆ? ಅತ್ತೆಯ ವ್ಯಾಪಾರ ಕೆಲವೇ ತಿಂಗಳಲ್ಲಿ ಮುಳುಗಿತು. ಗಂಡನಿಗೆ ಒಳಗೊಳಗೇ ಖುಷಿ. ಸ್ಟೇಷನ್ ರಸ್ತೆಯಲ್ಲಿ ಅಮ್ಮ ಎದುರಾದಾಗ ತಡೆಯಲಾರದೆ ಹೇಳಿದರು, "ನೋಡಮ್ಮಾ, ಗೇಟು ತೆಗೆದ್ರು. ನಿನ್ ವ್ಯಾಪಾರ ಹೋಯ್ತು. ಇಷ್ಟು ದಿನ ನೀನು ಬದುಕಿದ್ದು ಸರ್ಕಾರದ ಗೇಟಿಂದಾನೇ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಊರ್ಗೆ ಅಕ್ಕಿ ಅಗ್ಗ ಆಯ್ತಲ್ಲ, ನಾನ್ ಏಳಿದ್ದು ಅದೇ ಅಲ್ವೇನ್ಲಾ? ನನ್ ವ್ಯಾಪಾರ ಉಳೀಲಿ ಅಂತ ನಾನ್ ಯಾವತ್ತ್ ಕೇಳಿದ್ದೆ? ಇನ್ನೊಂದು ಮಾರ್ತೀನಿ." ಅಷ್ಟು ಹೇಳಿ ನಡೆದರು. ಗಂಡನಿಗೆ ಅಂಥ ಉತ್ತರ ಬೇಕಿರಲಿಲ್ಲ.

ಅದೇ ವರ್ಷ ಅತ್ತೆ ಮನೆ ಮಾರಿದರು. ಮಗನಿಗೆ ಒಂದು ಮಾತು ಹೇಳಲಿಲ್ಲ. ಕೊಂಡವಳು ಕುಪ್ಪಂ ರೈಲಿನಲ್ಲಿ ಅವರ ಜೊತೆ ಬರುತ್ತಿದ್ದ ಹೆಂಗಸು. ಗಂಡ ವಕೀಲರ ಬಳಿಗೆ ಓಡಿದರು. ಸ್ವಂತಕ್ಕೆ ಕೊಂಡ ಮನೆ, ಯಾರಿಗೆ ಬೇಕಾದರೂ ಮಾರಬಹುದು, ನೀವು ಮಾಡುವಂಥದ್ದು ಏನೂ ಇಲ್ಲ ಎಂದರಂತೆ ವಕೀಲರು. ಅಂದಿನಿಂದ ಗಂಡ ತಾಯಿಯ ಹೆಸರೆತ್ತುವುದನ್ನು ಬಿಟ್ಟರು. ಅತ್ತೆ ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ ಒಂದು ಕೋಣೆ ಹಿಡಿದು, ಮಾರ್ಕೆಟ್ಟಿನ ಮೂಲೆಯಲ್ಲಿ ಹುಣಿಸೆಹಣ್ಣು, ಒಣಮೆಣಸಿನಕಾಯಿ ಹಾಕಿಕೊಂಡು ಕೂತರು.

ಒಂದು ಸಲ ನಾನು ಅಲ್ಲಿಗೆ ಬಟ್ಟೆ ಕೊಳ್ಳಲು ಹೋದಾಗ ಅವರನ್ನು ಕಂಡೆ. ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಎದುರಿಗೆ ಕೂತು ಹುಣಿಸೆಹಣ್ಣಿನ ಬೆಲೆ ಕೇಳಿದೆ. ಬೇರೆಯವರಿಗೆ ಹೇಳಿದ ಬೆಲೆಯನ್ನೇ ನನಗೂ ಹೇಳಿದರು. ನಾನು ಚೌಕಾಸಿ ಮಾಡಿದೆ. ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಒಂದು ಬೆಲೆಗೆ ಇಬ್ಬರೂ ಒಪ್ಪಿದೆವು. ತೂಗಿ ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕಿದರು.

"ಕೊಸರು ಬೇಡ," ಎಂದೆ.

"ನಾನ್ ಕೇಳಿದ್ನಾ ಬೇಕಾ ಬೇಡ್ವಾ ಅಂತ? ನಂದು, ಆಕ್ದೆ."

"ತೊಗೊಳ್ಳೋದು ಬಿಡೋದು ನನ್ದು." ಆ ಹಿಡಿಯನ್ನು ತೆಗೆದು ಅವರ ಗುಡ್ಡೆಗೆ ವಾಪಸ್ ಹಾಕಿದೆ.

ಅವರಿಗೆ ಬೇಜಾರಾದ ಹಾಗೆ ಕಾಣಲಿಲ್ಲ. ಮೊಮ್ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರು, ಹೇಳಿದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಗಿರಾಕಿ ಮೆಣಸಿನಕಾಯಿ ಕೇಳಿದಳು, ಅವರು ಅತ್ತ ತಿರುಗಿದರು. ನಾನು ಎದ್ದು ಬಂಗಾರಪೇಟೆಯ ರೈಲು ಹಿಡಿದೆ. ಮನೆಗೆ ಬಂದು ಸಾರು ಮಾಡಿದೆ. ಗಂಡ ಎರಡು ಸಲ ಹಾಕಿಸಿಕೊಂಡರು. ಹುಣಿಸೆಹಣ್ಣು ಎಲ್ಲಿಯದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.